ನಾದದ ಒರಟುತನ ಮತ್ತು ಅದರ ನಿಯಂತ್ರಣ

ಉಡುತಡಿಯ ಸುತ್ತಿನ ನಾಡು ನಾದಕ್ಕೆ ಹೊಸದಲ್ಲ. ಅಕ್ಕಮಹಾದೇವಿಯು ಹುಟ್ಟಿದ ಊರು ಉಡುತಡಿಯಾದರೆ, ಅದೇ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯು ಅಲ್ಲಮಪ್ರಭುವಿನ ಊರೆಂದು ಪ್ರತೀತಿಯಿದೆ. ಹರಿಹರ ಕವಿಯು ತನ್ನ ‘ಪ್ರಭುದೇವರ ರಗಳೆ’ಯಲ್ಲಿ ಅಲ್ಲಮನನ್ನು ಮದ್ದಳೆ ಬಾರಿಸುವುದರಲ್ಲಿ ನಿಪುಣನೆಂದು ಚಿತ್ರಿಸಿದ್ದಾನೆ. ಹನ್ನೆರಡನೆಯ ಶತಮಾನದ ಮದ್ದಳೆಯ ನಾಡಿನಲ್ಲಿ ಇಂದು ಜಾತ್ರೆಯ ರಾತ್ರಿ ಕೇಳಿಬರುವುದು ರಸಮಂಜರಿ ತಂಡಗಳ ಕೀಬೋರ್ಡು, ಡ್ರಮ್ಮು ಮತ್ತು ವಿದ್ಯುತ್ ಗಿಟಾರು. ಇವುಗಳಲ್ಲಿ ಹಿರಿಯರ ಆಕ್ಷೇಪಣೆಗೆ ಹೆಚ್ಚಾಗಿ ಗುರಿಯಾಗಿರುವುದು ಗಿಟಾರು. ಅದರಲ್ಲಿಯೂ, ಕಾಲಿನಿಂದ ಒತ್ತಿದೊಡನೆ ಅದರ ಸ್ವರವನ್ನು ಗರಗಸದಂತೆ ಮೊರೆಯಿಸುವ ‘ಡಿಸ್ಟಾರ್ಷನ್ ಪೆಡಲ್’ ಎಂಬ ಸಣ್ಣ ಪೆಟ್ಟಿಗೆ.

ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ವಚನವನ್ನು ಹಾಡುವಾಗ ಈ ಪೆಟ್ಟಿಗೆಯನ್ನು ಒತ್ತಿದರೆ ಮಾತು ಮುಳುಗಿಹೋಗುತ್ತದೆ. ಮಾತು ಕೇಳದ ವಚನಗಾಯನಕ್ಕೆ ಅರ್ಥವೇನು? ಆದರೆ ಈ ದೋಷವು ಒರಟು ನಾದದ್ದೇ, ಅಥವಾ ಅದನ್ನು ಹದಕ್ಕೆ ತರುವ ಸಾಧನವಿಲ್ಲದುದರದ್ದೇ ಎಂಬುದು ವಿಚಾರ ಮಾಡಬೇಕಾದ ಪ್ರಶ್ನೆ. ಮನೆಯಲ್ಲಿಯೇ ಕೂಡಿಸಿದ ಇಂತಹ ಪೆಡಲಿಗೆ ಕೆಲವೇ ರೂಪಾಯಿಗಳ ಸಾಮಾನಿನಿಂದ ‘ಟೋನ್ ಕಂಟ್ರೋಲ್’ ಅಂದರೆ ಸ್ವರಗುಣದ ಹಿಡಿತವೊಂದನ್ನು ಸೇರಿಸುವುದು ಹೇಗೆ, ಅದು ಏನನ್ನು ಮಾಡಬಲ್ಲುದು, ಏನನ್ನು ಮಾಡಲಾರದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಇದಕ್ಕೆ ಬೇಕಾದ ಗಣಿತ ಹೈಸ್ಕೂಲಿನದು ಮಾತ್ರ. ಆದುದರಿಂದ ಕಲಾ ವಿಭಾಗದ ಮಿತ್ರರು ಪುಟ ತಿರುವಿಹಾಕದೆ ಓದಬೇಕೆಂದು ಪ್ರಾರ್ಥನೆ.

೧. ಒರಟು ನಾದ ನಮ್ಮಲ್ಲಿಯೂ ಇದೆ

ಮೊದಲು ಒಂದು ತಪ್ಪು ಕಲ್ಪನೆಯನ್ನು ದೂರಮಾಡಬೇಕು. ಝೇಂಕಾರ ಬೆರೆತ ನಾದವು ಪರದೇಶದಿಂದ ಬಂದ ಚಪಲವೆಂದು ಹಲವರು ತಿಳಿದಿದ್ದಾರೆ. ನಮ್ಮ ತಂಬೂರಿಯನ್ನೇ ನೋಡೋಣ. ಅದರ ಕುದುರೆಯ ಮೇಲ್ಮೈ ಚೂಪಾಗಿರದೆ ಅಗಲವಾಗಿ, ಸ್ವಲ್ಪ ಉಬ್ಬಾಗಿರುತ್ತದೆ. ತಂತಿಗೂ ಕುದುರೆಗೂ ನಡುವೆ ಒಂದು ನೂಲಿನ ಎಳೆಯನ್ನು ಸಿಕ್ಕಿಸುತ್ತಾರೆ. ಇದಕ್ಕೆ ಜೀವಾಳವೆಂದು ಹೆಸರು. ಮಿಡಿದಾಗ ತಂತಿಯು ಕುದುರೆಯ ಉಬ್ಬನ್ನು ಮತ್ತೆ ಮತ್ತೆ ಸೋಕಿ ಝೇಂಕರಿಸುತ್ತದೆ. ನೂಲನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೂ ಸ್ವರದ ಬಣ್ಣ ಬದಲಾಗುತ್ತದೆ. ಗಾಯಕರು ಹಾಡುವುದಕ್ಕೆ ಮೊದಲು ಬಹಳ ಹೊತ್ತು ಈ ನೂಲನ್ನು ಸರಿಪಡಿಸುತ್ತಿರುವುದನ್ನು ನಾವು ನೋಡಿರುವೆವಷ್ಟೆ. ಅವರು ಮಾಡುತ್ತಿರುವುದು ಸ್ವರಗುಣದ ನಿಯಂತ್ರಣವೇ.

ಸರ್ ಸಿ. ವಿ. ರಾಮನ್ ಅವರು 1921ರಲ್ಲಿ, ತಮಗೆ ನೊಬೆಲ್ ಬಹುಮಾನ ಬರುವುದಕ್ಕೆ ಒಂಬತ್ತು ವರ್ಷ ಮೊದಲು, ತಂಬೂರಿ ಮತ್ತು ವೀಣೆಗಳ ಕುದುರೆಯನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಹಳೆಯ ನಿಯಮದ ಪ್ರಕಾರ ತಂತಿಯನ್ನು ಸರಿಯಾಗಿ ನಡುವೆ ಮಿಡಿದರೆ ಎರಡನೆಯ, ನಾಲ್ಕನೆಯ, ಆರನೆಯ ಉಪಸ್ವರಗಳು ಹುಟ್ಟಬಾರದು. ಏಕೆಂದರೆ ಆ ಕಂಪನಗಳಲ್ಲಿ ತಂತಿಯ ನಡುವಿನ ಬಿಂದುವು ಅಲುಗುವುದೇ ಇಲ್ಲ. ಆದರೆ ನಮ್ಮ ವಾದ್ಯಗಳಲ್ಲಿ ಅವು ಕೇಳಿಸುತ್ತವೆ. ಕುದುರೆಯ ಉಬ್ಬು ಮೈ ತಂತಿಯ ಸರಳ ಚಲನೆಯನ್ನು ಮುರಿದು ಅವುಗಳನ್ನು ಹುಟ್ಟಿಸುತ್ತದೆಂದು ರಾಮನ್ ತೋರಿಸಿದರು. ಅವರು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದ ಮೇಲೆ, 1934ರಲ್ಲಿ ಮೃದಂಗ ತಬಲಗಳಂತಹ ಚರ್ಮವಾದ್ಯಗಳನ್ನು ಕುರಿತು ಬರೆದರು. ಬರಿಯ ಚರ್ಮದ ಉಪಸ್ವರಗಳು ಒಂದಕ್ಕೊಂದು ಹೊಂದಿಕೊಳ್ಳುವುದಿಲ್ಲ; ನಡುವೆ ಕರಣೆಯನ್ನು ಮೆತ್ತಿದಾಗ ಅವು ಮೂಲಸ್ವರದ ಎರಡರಷ್ಟು, ಮೂರರಷ್ಟು ಎಂಬ ಕ್ರಮಕ್ಕೆ ಬರುತ್ತವೆ.

ಹೀಗೆ ನಮ್ಮ ಪೂರ್ವಿಕರು ಒಂದು ವಾದ್ಯದಲ್ಲಿ ಉಪಸ್ವರಗಳನ್ನು ಬೇಕೆಂದೇ ಹುಟ್ಟಿಸಿ ಹದಗೊಳಿಸಿದರು. ಇನ್ನೊಂದರಲ್ಲಿ ಬೇಡವಾದವನ್ನು ಅಡಗಿಸಿ ಕ್ರಮಕ್ಕೆ ತಂದರು. ಪೆಡಲಿನಲ್ಲಿ ನಾವು ಮಾಡಬೇಕಾದುದೂ ಈ ಎರಡೇ ಕೆಲಸ. ನೂಲು ಮತ್ತು ಕರಣೆಗಳ ಬದಲು ವಿದ್ಯುತ್ತಿನ ಬಿಡಿಭಾಗಗಳಿಂದ, ಅಷ್ಟೆ.

೨. ಪೆಡಲಿನ ಹುಟ್ಟು

ಗಿಟಾರಿನ ಈ ನಾದವು ಹುಟ್ಟಿದ್ದು ಕೆಟ್ಟುಹೋದ ಉಪಕರಣಗಳಿಂದ. ಅಮೆರಿಕದ ಲಿಂಕ್ ರೇ ಎಂಬ ವಾದಕನು ಬೇಕೆಂದೇ ಧ್ವನಿವರ್ಧಕದ ಕಾಗದದ ಶಂಕುವಿಗೆ ರಂಧ್ರ ಮಾಡಿ ಈ ಒರಟುತನವನ್ನು ಪಡೆದನು. ಅವನ ‘ರಂಬಲ್’ ಹೊರಬಂದದ್ದು 1958ರಲ್ಲಿ. ನ್ಯಾಶ್‌ವಿಲ್ ನಗರದಲ್ಲಿ ಧ್ವನಿಮುದ್ರಣವಾಗಿ 1961ರಲ್ಲಿ ಬಿಡುಗಡೆಯಾದ ಮಾರ್ಟಿ ರಾಬಿನ್ಸನ ಒಂದು ಹಾಡಿನಲ್ಲಿ ಮುದ್ರಣಯಂತ್ರದ ಒಂದು ಭಾಗ ಕೆಟ್ಟು ತಂತಿವಾದ್ಯದ ಸ್ವರವು ಗೊರಗೊರನೆ ಬಂದಿತು. ಕೇಳಿದವರು ಅದನ್ನು ಮೆಚ್ಚಿದರು. ಆ ದೋಷವನ್ನೇ ಬೇಕಾದಾಗ ಉಂಟುಮಾಡುವ ‘ಮೇಸ್ಟ್ರೋ ಫಜ್ ಟೋನ್’ ಎಂಬ ಪೆಟ್ಟಿಗೆ 1962ರಲ್ಲಿ ಮಾರುಕಟ್ಟೆಗೆ ಬಂದಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡವು ಅದನ್ನು ಬಳಸಿ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡನ್ನು ಹೊರತಂದ ಮೇಲೆ ಅದರ ಖ್ಯಾತಿ ಎಲ್ಲೆಡೆ ಹರಡಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಮೊದಲ ಪೆಟ್ಟಿಗೆಗೆ ಇದ್ದುದು ಎರಡೇ ತಿರುಪುಗಳು: ಒಂದು ಒರಟುತನದ ಪ್ರಮಾಣಕ್ಕೆ, ಇನ್ನೊಂದು ಗಟ್ಟಿತನಕ್ಕೆ. 1966ರ ‘ಫಜ್ ಫೇಸ್’ ಪೆಡಲಿಗೂ ಅಷ್ಟೇ. ಸ್ವರಗುಣಕ್ಕೆಂದು ಬೇರೆ ತಿರುಪಿದ್ದು ಪ್ರಸಿದ್ಧವಾದುದು ‘ಬಿಗ್ ಮಫ್’ ಎಂಬ ಪೆಡಲಿನಲ್ಲಿ; ಅದು ಬಂದದ್ದು 1969ರ ಸುಮಾರಿಗೆ. ನಮ್ಮಲ್ಲಿ ಹುಡುಗರು ಮನೆಯಲ್ಲಿ ಕೂಡಿಸುವ ಪೆಡಲುಗಳು ಬಹುಮಟ್ಟಿಗೆ ಆ ಮೊದಲ ಅವಸ್ಥೆಯಲ್ಲಿಯೇ ಇವೆ.

೩. ಒರಟುತನವೆಂದರೇನು?

ಮನೆಯಲ್ಲಿ ಮಾಡುವ ಪೆಡಲಿನ ರಚನೆ ಸರಳವಾದುದು. 9 ವೋಲ್ಟಿನ ಒಂದು ಬ್ಯಾಟರಿ, ಒಂದು ‘ಆಪ್ ಆಂಪ್’ ಐಸಿ, ಎರಡು ಸಿಲಿಕಾನ್ ಡಯೋಡು, ಕೆಲವು ರೆಸಿಸ್ಟರು, ಕೆಪಾಸಿಟರು. ಗಿಟಾರಿನಿಂದ ಬರುವ ವಿದ್ಯುತ್ತು ಬಹಳ ಕ್ಷೀಣ. ಐಸಿಯು ಅದನ್ನು ಸುಮಾರು ನೂರರಷ್ಟು ಹಿಗ್ಗಿಸುತ್ತದೆ. 10 ಮಿಲಿವೋಲ್ಟ್ ಬಂದರೆ ಒಂದು ವೋಲ್ಟ್ ಆಗಿ ಹೊರಡುತ್ತದೆ. ಮುಂದೆ ಎದುರುಬದುರಾಗಿ ಜೋಡಿಸಿದ ಎರಡು ಡಯೋಡುಗಳಿವೆ. ವೋಲ್ಟೇಜು ಸುಮಾರು 0.6ನ್ನು ಮೀರಿದೊಡನೆ ಅವು ತೆರೆದುಕೊಂಡು ಹೆಚ್ಚಾದುದನ್ನು ನೆಲದ ತಂತಿಗೆ ಹರಿಸುತ್ತವೆ.

ಕೆರೆಯ ಕೋಡಿಯನ್ನು ನೆನೆಯಿರಿ. ಎಷ್ಟೇ ಮಳೆ ಬರಲಿ, ನೀರು ಕೋಡಿಯ ಮಟ್ಟಕ್ಕಿಂತ ಮೇಲೇರದು, ಹೆಚ್ಚಾದುದು ಹರಿದುಹೋಗುತ್ತದೆ. ಡಯೋಡುಗಳು ಅಲೆಯ ಮೇಲ್ತುದಿಗೂ ಕೆಳತುದಿಗೂ ಕಟ್ಟಿದ ಎರಡು ಕೋಡಿಗಳು. ದುಂಡಗಿನ ಅಲೆಯು ಅವುಗಳಿಂದ ಚಪ್ಪಟೆಯಾಗಿ ಚೌಕಕ್ಕೆ ಸಮೀಪಿಸುತ್ತದೆ. ತಂತಿಯ ಕಂಪನ ಕುಗ್ಗುತ್ತ ಬಂದರೂ, ಹಿಗ್ಗಿಸಿದ ಅಲೆಯು ಕೋಡಿಯ ಮಟ್ಟಕ್ಕಿಂತ ಮೇಲಿರುವವರೆಗೂ ಹೊರಬರುವ ಸ್ವರ ಕುಗ್ಗುವುದಿಲ್ಲ. ಪೆಡಲಿನ ಸ್ವರವು ಬಹಳ ಹೊತ್ತು ನಿಲ್ಲುವುದು ಈ ಕಾರಣದಿಂದಲೇ.

ಚೌಕವಾದ ಅಲೆಯಲ್ಲಿ ಏನಿದೆ? ಗಿಟಾರಿನ ಐದನೆಯ ತಂತಿ ಸೆಕೆಂಡಿಗೆ 110 ಸಲ ಕಂಪಿಸುತ್ತದೆ. ಅದು ಪೂರ್ಣ ಚೌಕವಾದರೆ 330, 550, 770 ಎಂದು ಮೂರರಷ್ಟು, ಐದರಷ್ಟು, ಏಳರಷ್ಟು ಉಪಸ್ವರಗಳು ಹುಟ್ಟುತ್ತವೆ. ಅವುಗಳ ಬಲ ಮೂಲಸ್ವರದ ಮೂರನೆಯ ಒಂದು, ಐದನೆಯ ಒಂದು, ಏಳನೆಯ ಒಂದು ಪಾಲು. ಬಲವು ನಿಧಾನವಾಗಿ ಇಳಿಯುವುದರಿಂದ ಈ ಸಾಲು ಸಾವಿರಾರು ಕಂಪನಗಳವರೆಗೆ ಬೆಳೆದಿರುತ್ತದೆ. ‘ಚುರ್’ ಎಂದು ಕಿವಿಗೆ ಇರಿಯುವುದು ಈ ಮೇಲಿನ ಸಾಲು.

ಇದೇ ಮಾತನ್ನು ಮುಳುಗಿಸುವುದು. ಮನುಷ್ಯನ ಮಾತಿನ ತಿರುಳೆಲ್ಲ ಸುಮಾರು 300ರಿಂದ 3,400 ಕಂಪನಗಳೊಳಗೆ ಅಡಗಿದೆ. ಹಳೆಯ ಟೆಲಿಫೋನು ಒಯ್ಯುತ್ತಿದ್ದುದು ಇಷ್ಟನ್ನೇ. ಇದರಲ್ಲಿ ಸ್ವರಾಕ್ಷರಗಳ ಬಲ ಕೆಳಗಿನ ಭಾಗದಲ್ಲಿಯೂ, ‘ಸ’, ‘ಚ’, ‘ಕ’, ‘ಟ’ ಮೊದಲಾದ ವ್ಯಂಜನಗಳ ಗುರುತು ಹೆಚ್ಚಾಗಿ ಮೇಲಿನ ಭಾಗದಲ್ಲಿ ಮತ್ತು ಅದರಾಚೆಗೂ ಇದೆ. ಅಕ್ಕನ ಅಂಕಿತವಾದ ‘ಚೆನ್ನಮಲ್ಲಿಕಾರ್ಜುನ’ ಎಂಬುದನ್ನೇ ತೆಗೆದುಕೊಳ್ಳಿ. ಸ್ವರಗಳು ಮಾತ್ರ ಕೇಳಿ ವ್ಯಂಜನಗಳು ಮಸುಕಾದರೆ ಆ ಹೆಸರೇ ಉಳಿಯುವುದಿಲ್ಲ. ನಮ್ಮ ಕಿವಿಯೋ 3,000ದಿಂದ 4,000 ಕಂಪನಗಳ ನಡುವೆ ಅತ್ಯಂತ ಚುರುಕು. ಗಾಯಕಿಯ ವ್ಯಂಜನಗಳು ಎಲ್ಲಿ ಇರಬೇಕೋ ಅಲ್ಲಿಯೇ ಪೆಡಲಿನ ಉಪಸ್ವರಗಳು ತುಂಬಿಕೊಂಡರೆ ಇನ್ನೇನಾದೀತು? ಜಾತ್ರೆಯಲ್ಲಿ ಕಟ್ಟುವ ತುತ್ತೂರಿಯಾಕಾರದ ಹಾರ್ನುಗಳು ತಗ್ಗುಸ್ವರವನ್ನು ಒಯ್ಯಲಾರದೆ ಇದೇ ಭಾಗವನ್ನು ಎತ್ತಿ ಸಾರುವುದರಿಂದ ತೊಂದರೆ ಇಮ್ಮಡಿಯಾಗುತ್ತದೆ.

ಇದು ಕೇವಲ ಅಭಿರುಚಿಯ ಪ್ರಶ್ನೆಯಲ್ಲ. ನಮ್ಮ ಭಾಗದ ಒಂದು ರಸಮಂಜರಿ ತಂಡದ ಗಿಟಾರ್ ವಾದಕರೊಬ್ಬರು ತಾವೇ ಕೂಡಿಸಿದ ಪೆಡಲನ್ನು ಇಟ್ಟುಕೊಂಡಿದ್ದಾರೆ. ಕಂಪೆನಿಯ ಪೆಡಲನ್ನು ಕೊಳ್ಳಬೇಕಾದರೆ ಹಲವು ರಾತ್ರಿಗಳ ಸಂಭಾವನೆ ಕೂಡಬೇಕು. ಹಾಡುವವರು “ಅಣ್ಣಾ, ಅದನ್ನ ಆರಿಸಿ” ಎಂದು ವೇದಿಕೆಯಿಂದಲೇ ಹೇಳುತ್ತಾರೆ. ಹೀಗೆ ಎರಡು ಮೂರು ಊರಿನಲ್ಲಿ ಆದರೆ ಮುಂದಿನ ಜಾತ್ರೆಗೆ ಗಿಟಾರಿಲ್ಲದೆ ಕೀಬೋರ್ಡಿನಲ್ಲಿಯೇ ಸುಧಾರಿಸಿಕೊಳ್ಳೋಣವೆಂದು ತಂಡದವರು ಎಣಿಸುವುದು ಸಹಜ. ಒಂದು ತಿರುಪಿನ ಕೊರತೆಗೆ ಒಬ್ಬ ಕಲಾವಿದನ ಅನ್ನದ ದಾರಿ ಕಿರಿದಾಗುತ್ತದೆ.

೪. ಸುಲಭವಾದ ಒಂದು ಹಿಡಿತ

ನಮ್ಮ ಅಜ್ಜಂದಿರ ಕಾಲದ ರೇಡಿಯೋ ಪೆಟ್ಟಿಗೆಗಳಲ್ಲಿ ‘ಟೋನ್’ ಎಂಬ ಗುಂಡಿ ಇರುತ್ತಿತ್ತು. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ ಕೇಂದ್ರವನ್ನು ಕೇಳುತ್ತಿದ್ದ ಹಿರಿಯರು, ಮಳೆಗಾಲದ ಗುಡುಗಿನ ಕರಕರ ಶಬ್ದವನ್ನು ತಗ್ಗಿಸಲು ಆ ಗುಂಡಿಯನ್ನು ತಿರುವುತ್ತಿದ್ದುದುಂಟು. ನಾವು ಮಾಡಬೇಕಾದುದೂ ಅದನ್ನೇ.

ಕೆಪಾಸಿಟರಿನ ಸ್ವಭಾವವೇನೆಂದರೆ, ಅದು ವೇಗವಾದ ಕಂಪನಗಳನ್ನು ಸಲೀಸಾಗಿ ಬಿಡುತ್ತದೆ, ನಿಧಾನವಾದವನ್ನು ತಡೆಯುತ್ತದೆ. ಡಯೋಡುಗಳಾದ ಮೇಲೆ ಸ್ವರದ ದಾರಿಯಲ್ಲಿ 10 ಕಿಲೋ ಓಮಿನ ಒಂದು ರೆಸಿಸ್ಟರನ್ನು ಇಡಿ. ಅದರ ಆಚೆಯ ತುದಿಯಿಂದ ನೆಲದ ತಂತಿಗೆ 0.01 ಮೈಕ್ರೋಫ್ಯಾರಡಿನ ಒಂದು ಕೆಪಾಸಿಟರನ್ನೂ, ಅದರ ಸಾಲಿನಲ್ಲಿಯೇ 100 ಕಿಲೋ ಓಮಿನ ಒಂದು ತಿರುಗುವ ಕಂಟ್ರೋಲನ್ನೂ ಬೆಸುಗೆ ಹಾಕಿ. ಗಟ್ಟಿತನದ ಕಂಟ್ರೋಲು ಇದಾದ ಮೇಲೆ ಬರಲಿ. ಕಂಟ್ರೋಲಿನ ತಡೆಯು ಪೂರ್ತಿ ಇದ್ದಾಗ ಕೆಪಾಸಿಟರಿನ ದಾರಿ ಮುಚ್ಚಿದಂತೆಯೇ. ಸ್ವರವು ಮೊದಲಿನಂತೆ ಚುರುಕಾಗಿರುತ್ತದೆ. ತಡೆಯು ಸೊನ್ನೆಯಾದಾಗ ವೇಗದ ಕಂಪನಗಳು ನೆಲಕ್ಕೆ ಇಳಿದುಹೋಗುತ್ತವೆ.

ಎಲ್ಲಿಂದ ಮೇಲಕ್ಕೆ ಇಳಿಯುತ್ತವೆ? ಇದಕ್ಕೊಂದು ಸೂತ್ರವಿದೆ. ರೆಸಿಸ್ಟರಿನ ಓಮುಗಳನ್ನು ಕೆಪಾಸಿಟರಿನ ಫ್ಯಾರಡುಗಳಿಂದ ಗುಣಿಸಿ, ಬಂದುದನ್ನು 6.28ರಿಂದ ಗುಣಿಸಿ, ಆ ಮೊತ್ತದಿಂದ ಒಂದನ್ನು ಭಾಗಿಸಬೇಕು. 10,000 ಓಮು ಮತ್ತು 0.01 ಮೈಕ್ರೋಫ್ಯಾರಡಿಗೆ ಉತ್ತರ ಸುಮಾರು 1,600. ಇದೇ ಎಲ್ಲೆ. 400 ಕಂಪನದ ಸ್ವರಕ್ಕೆ ಬಾಧೆಯೇ ಇಲ್ಲವೆನ್ನಬಹುದು. 1,600ರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಉಳಿಯುತ್ತದೆ, 3,200ರಲ್ಲಿ ಅರ್ಧಕ್ಕಿಂತ ಕಡಿಮೆ, 6,400ರಲ್ಲಿ ಕಾಲುಪಾಲು. ಇಳಿಜಾರು ನಿಧಾನವಾಗಿರುವುದರಿಂದ ಸ್ವರವು ಕತ್ತರಿಸಿದಂತಾಗದೆ ಮೃದುವಾಗುತ್ತದೆ. 0.01ರ ಬದಲು 0.022 ಹಾಕಿದರೆ ಎಲ್ಲೆಯು ಸುಮಾರು 720ಕ್ಕೆ ಇಳಿದು ಸ್ವರ ಮಂದವಾಗುತ್ತದೆ, 0.0047 ಹಾಕಿದರೆ 3,400ರ ಹತ್ತಿರ ಏರುತ್ತದೆ. ಮೂರನ್ನೂ ತಂದು, ಬೆಸುಗೆಗೆ ಮೊದಲು ತಂತಿಯ ತುದಿಗೆ ಹಿಡಿದು ಕೇಳಿ, ಕಿವಿಗೆ ಒಪ್ಪಿದುದನ್ನು ಆರಿಸುವುದು ಒಳ್ಳೆಯದು.

೫. ಜಾಗದ ಮಹತ್ವ

ಅದೇ ಸಾಮಾನನ್ನು ಡಯೋಡುಗಳಿಗೆ ಮೊದಲು ಇಟ್ಟರಾಗದೇ ಎಂದು ಯಾರಾದರೂ ಕೇಳಬಹುದು. ಆಗದು; ಇದು ಮುಖ್ಯವಾದ ವಿಷಯ. ಮೊದಲೇ ಮೇಲಿನ ಸ್ವರಗಳನ್ನು ತೆಗೆದರೂ ಡಯೋಡುಗಳು ತುದಿ ಕತ್ತರಿಸಿದಾಗ ಅವು ಮತ್ತೆ ಹುಟ್ಟುತ್ತವೆ. ಸೋಸಿದ ನೀರನ್ನು ಕೆಸರಿನ ಕಾಲುವೆಗೆ ಬಿಟ್ಟರೆ ಪ್ರಯೋಜನವೇನು? ಆದುದರಿಂದ ಚುರುಕನ್ನು ತಗ್ಗಿಸುವ ಹಿಡಿತ ಡಯೋಡುಗಳ ಅನಂತರವೇ ಇರಬೇಕು.

ತಗ್ಗುಸ್ವರಗಳ ವಿಷಯ ಇದಕ್ಕೆ ವಿರುದ್ಧ. ಎರಡು ಸ್ವರಗಳನ್ನು ಕೂಡಿ ನುಡಿಸಿದಾಗ ಡಯೋಡುಗಳು ಅವೆರಡರ ಉಪಸ್ವರಗಳನ್ನಲ್ಲದೆ ಅವುಗಳ ಮೊತ್ತ ಮತ್ತು ವ್ಯತ್ಯಾಸಗಳಿಂದಾದ ಹೊಸ ಸ್ವರಗಳನ್ನೂ ಹುಟ್ಟಿಸುತ್ತವೆ. ಷಡ್ಜ ಪಂಚಮಗಳನ್ನು ಕೂಡಿಸಿದರೆ ಹೀಗೆ ಹುಟ್ಟಿದವು ಬಹಳಷ್ಟು ಹೊಂದಿಕೊಂಡು ಗಂಭೀರವಾಗಿ ಕೇಳುತ್ತವೆ. ಮೂರು ನಾಲ್ಕು ಸ್ವರಗಳ ತುಂಬು ಸಮೂಹವನ್ನು ನುಡಿಸಿದರೆ ರಾಡಿಯಾಗುತ್ತದೆ. ರಾಡಿಯಾದ ಮೇಲೆ ಯಾವ ತಿರುಪೂ ಅದನ್ನು ಬೇರ್ಪಡಿಸಲಾರದು. ತಗ್ಗುಸ್ವರಗಳನ್ನು ಡಯೋಡಿಗೆ ಮೊದಲೇ ಹತೋಟಿಯಲ್ಲಿಡುವುದೇ ಉಪಾಯ. ‘ಟ್ಯೂಬ್ ಸ್ಕ್ರೀಮರ್’ ಎಂಬ ಹೆಸರಾಂತ ಪೆಡಲಿನಲ್ಲಿ ಐಸಿಯ ಹಿಗ್ಗಿಸುವ ಪ್ರಮಾಣವನ್ನು ನಿರ್ಣಯಿಸುವ 4.7 ಕಿಲೋ ಓಮಿನ ರೆಸಿಸ್ಟರಿನ ಸಾಲಿನಲ್ಲಿ 0.047 ಮೈಕ್ರೋಫ್ಯಾರಡಿನ ಕೆಪಾಸಿಟರಿದೆ. ಮೇಲಿನ ಸೂತ್ರದಿಂದ ಲೆಕ್ಕ ಹಾಕಿದರೆ ಎಲ್ಲೆ 720 ಕಂಪನ. ಅದಕ್ಕಿಂತ ಕೆಳಗಿನ ಸ್ವರಗಳು ಕಡಿಮೆ ಹಿಗ್ಗುವುದರಿಂದ ಅಷ್ಟಾಗಿ ಒರಟಾಗುವುದಿಲ್ಲ. ನಮ್ಮ ಪೆಡಲಿನಲ್ಲಿಯೂ ಈ ಒಂದು ಕೆಪಾಸಿಟರನ್ನು ಬದಲಾಯಿಸಿದರೆ ಸಾಕು, ರಾಡಿ ಬಹಳ ಮಟ್ಟಿಗೆ ತಿಳಿಯಾಗುತ್ತದೆ.

೬. ಇನ್ನೊಂದು ವಿಧಾನ

‘ಬಿಗ್ ಮಫ್’ ಪೆಡಲಿನ ಹಿಡಿತದಲ್ಲಿ ಎರಡು ದಾರಿಗಳಿವೆ. 39 ಕಿಲೋ ಓಮು ಮತ್ತು 0.01 ಮೈಕ್ರೋಫ್ಯಾರಡಿನ ಒಂದು ದಾರಿ ಸುಮಾರು 400 ಕಂಪನಕ್ಕಿಂತ ಕೆಳಗಿನದನ್ನು ಒಯ್ಯುತ್ತದೆ, 0.004 ಮೈಕ್ರೋಫ್ಯಾರಡು ಮತ್ತು 22 ಕಿಲೋ ಓಮಿನ ಇನ್ನೊಂದು ಸುಮಾರು 1,800ಕ್ಕಿಂತ ಮೇಲಿನದನ್ನು ಒಯ್ಯುತ್ತದೆ. ಇವೆರಡರ ನಡುವೆ 100 ಕಿಲೋ ಓಮಿನ ಕಂಟ್ರೋಲು ತಕ್ಕಡಿಯಂತೆ ಅತ್ತಿತ್ತ ತೂಗುತ್ತದೆ. ತಿರುಪು ನಡುವೆ ನಿಂತಾಗ ಮೇಲು ಕೆಳಗು ಎರಡೂ ಇದ್ದು 1,000 ಕಂಪನದ ಸುತ್ತ ತಗ್ಗು ಬೀಳುತ್ತದೆ. ಈ ತಗ್ಗಿನಿಂದ ಹಾಡುವ ದನಿಗೆ ಸ್ವಲ್ಪ ಜಾಗ ಸಿಗುತ್ತದೆ. ಆದರೆ ಗಿಟಾರೇ ಮುಂದೆ ನಿಂತು ನುಡಿಯಬೇಕಾದಾಗ ಅದರ ಸ್ವರವು ಡ್ರಮ್ಮು ಕೀಬೋರ್ಡುಗಳ ನಡುವೆ ಕಾಣದಂತಾಗುತ್ತದೆ. 0.004ರ ಬದಲು 0.01 ಹಾಕಿದರೆ ಎರಡನೆಯ ದಾರಿಯ ಎಲ್ಲೆ ಸುಮಾರು 720ಕ್ಕೆ ಇಳಿದು ತಗ್ಗು ಬಹುಮಟ್ಟಿಗೆ ತುಂಬುತ್ತದೆ. ಎರಡು ಕೆಪಾಸಿಟರುಗಳನ್ನೂ ಇಟ್ಟು ಒಂದು ಸಣ್ಣ ಸ್ವಿಚ್ಚು ಹಾಕಿದರೆ, ಹಾಡಿಗೆ ಒಂದು, ಗಿಟಾರಿನ ಸರದಿಗೆ ಇನ್ನೊಂದು ಎಂದು ಬದಲಾಯಿಸಿಕೊಳ್ಳಬಹುದು.

ಈ ವಿಧಾನದಲ್ಲಿ ಸ್ವರದ ಬಲ ಸಾಕಷ್ಟು ಕಳೆದುಹೋಗುತ್ತದೆ. ಆದುದರಿಂದ ಆ ಪೆಡಲಿನಲ್ಲಿ ಕೊನೆಗೆ ಒಂದು ಟ್ರಾನ್ಸಿಸ್ಟರು ಕಳೆದ ಬಲವನ್ನು ತುಂಬಿಕೊಡುತ್ತದೆ. ಮೇಲು ಕೆಳಗುಗಳಿಗೆ ಬೇರೆ ಬೇರೆ ತಿರುಪು ಬೇಕೆನ್ನುವವರಿಗೆ ಇಂಗ್ಲೆಂಡಿನ ಪೀಟರ್ ಬ್ಯಾಕ್ಸಾಂಡಲ್ 1952ರಲ್ಲಿ ಪ್ರಕಟಿಸಿದ ರಚನೆಯಿದೆ. ಮೊದಲ ಪ್ರಯತ್ನಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ.

೭. ಕೆಲವು ವ್ಯಾವಹಾರಿಕ ಸೂಚನೆಗಳು

ಬಿಡಿಭಾಗಗಳು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳಲ್ಲಿ ಹೇರಳವಾಗಿ ಸಿಗುತ್ತವೆ. ಅಷ್ಟು ದೂರ ಹೋಗಲಾಗದವರು ಕೆಟ್ಟ ರೇಡಿಯೋ ಟೇಪ್‌ರೆಕಾರ್ಡರುಗಳಿಂದ ರೆಸಿಸ್ಟರು, ಕೆಪಾಸಿಟರು, ಕಂಟ್ರೋಲುಗಳನ್ನು ಬಿಡಿಸಿಕೊಳ್ಳಬಹುದು. ಆದರೆ ಮೀಟರಿನಿಂದ ಅಳೆದು ನೋಡದೆ ಬಳಸಬಾರದು. ಪೆಟ್ಟಿಗೆ ಲೋಹದ್ದಾಗಿದ್ದು ನೆಲದ ತಂತಿಗೆ ಸೇರಿರಬೇಕು. ಇಲ್ಲವಾದರೆ ಸುತ್ತಲಿನ ವಿದ್ಯುತ್ ದೀಪಗಳ ಗುಂಯ್‌ಗುಡುವಿಕೆಯೂ ನೂರರಷ್ಟು ಹಿಗ್ಗಿ ಕೇಳುತ್ತದೆ. ಸೊರಬ ಸಾಗರಗಳ ಗುಡಿಗಾರರ ನಾಡಿನಲ್ಲಿ ಮರದ ಪೆಟ್ಟಿಗೆಯ ಆಸೆ ಸಹಜವೇ. ಮರವನ್ನೇ ಬಳಸುವುದಾದರೆ ಒಳಗೆಲ್ಲ ತಾಮ್ರದ ತೆಳು ಹಾಳೆಯನ್ನು ಅಂಟಿಸಿ ನೆಲದ ತಂತಿಗೆ ಕೂಡಿಸಬೇಕು. ಬ್ಯಾಟರಿಯ ಧನ ಋಣಗಳು ಅದಲುಬದಲಾಗದಂತೆ ಎಚ್ಚರ ವಹಿಸಬೇಕು.

ತಿರುಪನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ನುಡಿಸುವವನೊಬ್ಬನೇ ತೀರ್ಮಾನಿಸಬಾರದು. ಅವನು ತನ್ನ ಧ್ವನಿವರ್ಧಕದ ಪಕ್ಕದಲ್ಲಿರುತ್ತಾನೆ, ಕೇಳುವವರು ದೂರದಲ್ಲಿರುತ್ತಾರೆ. ಒಂದು ಸುಲಭವಾದ ಪರೀಕ್ಷೆಯನ್ನು ಸೂಚಿಸುತ್ತೇನೆ. ಒಬ್ಬರು ಮೈಕಿನಲ್ಲಿ ‘ಕಲ್ಲು, ಹಲ್ಲು, ಸೊಲ್ಲು, ಬಿಲ್ಲು’ ಎಂಬಂತೆ ಮೊದಲಕ್ಷರ ಮಾತ್ರ ಬೇರೆಯಾದ ಇಪ್ಪತ್ತು ಮಾತುಗಳನ್ನು ಓದಲಿ. ಗಿಟಾರು ಪೆಡಲಿನೊಡನೆ ನುಡಿಯುತ್ತಿರಲಿ. ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತವರು ತಮಗೆ ಕೇಳಿದುದನ್ನು ಬರೆದುಕೊಳ್ಳಲಿ. ತಿರುಪನ್ನು ಬೇರೆ ಬೇರೆ ಕಡೆ ನಿಲ್ಲಿಸಿ, ಮಾತುಗಳ ಕ್ರಮವನ್ನು ಬದಲಿಸಿ ಮತ್ತೆ ಓದಿಸಿದರೆ ಎಲ್ಲಿ ಹೆಚ್ಚು ಮಾತುಗಳು ಸರಿಯಾಗಿ ಕೇಳಿದವೆಂಬುದು ತಾನಾಗಿಯೇ ತಿಳಿಯುತ್ತದೆ. ಆ ಜಾಗಕ್ಕೆ ಬಣ್ಣದ ಒಂದು ಗುರುತನ್ನು ಹಚ್ಚಿ ‘ಹಾಡು’ ಎಂದು ಬರೆದಿಡಬೇಕು. ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಮೊದಲು ಇದನ್ನು ಮಾಡಿನೋಡಲು ಸಂಗೀತಾಸಕ್ತ ಮಿತ್ರರು ಮುಂದೆ ಬರಬೇಕು.

ಈ ಹಿಡಿತಕ್ಕೆ ಮಿತಿಗಳೂ ಇವೆ. ಮೇಲೆ ಹೇಳಿದ ಎರಡು ರಚನೆಗಳೂ ಇದ್ದುದನ್ನು ಕಳೆಯಬಲ್ಲುವೇ ಹೊರತು ಇಲ್ಲದುದನ್ನು ಕೂಡಿಸಲಾರವು. ಗಟ್ಟಿತನವು ಮಿತಿಮೀರಿದ್ದರೆ ಯಾವ ಸ್ವರಗುಣವೂ ಮಾತನ್ನು ಉಳಿಸಲಾರದು. ತಿರುಪು ಇದ್ದ ಮಾತ್ರಕ್ಕೆ ಯಾವಾಗ ಸುಮ್ಮನಿರಬೇಕೆಂಬ ವಿವೇಕ ವಾದಕನಿಗೆ ಬಂದುಬಿಡುವುದೂ ಇಲ್ಲ.

ಆದರೂ, ವಚನಗಾಯನಕ್ಕೂ ಗಿಟಾರಿಗೂ ಎಣ್ಣೆ ಸೀಗೆಕಾಯಿಯ ಸಂಬಂಧವೆಂದು ಮೊದಲೇ ತೀರ್ಪು ಕೊಡುವುದು ಉಚಿತವಲ್ಲ. ತಂಬೂರಿಯ ಝೇಂಕಾರಕ್ಕೆ ಒಂದು ನೂಲೆಳೆಯಿಂದ ಹದ ಕಂಡುಕೊಂಡ ಜನ ನಾವು. ಹತ್ತು ಕಿಲೋ ಓಮಿನ ಒಂದು ರೆಸಿಸ್ಟರು, ಒಂದು ಕೆಪಾಸಿಟರು, ಒಂದು ಕಂಟ್ರೋಲು – ಇಷ್ಟರಿಂದ ಈ ಹೊಸ ವಾದ್ಯಕ್ಕೂ ಹದ ಸಿಕ್ಕುವುದಾದರೆ, ಹಿರಿಯರು ಮಾತನ್ನು ಕೇಳಿಸಿಕೊಳ್ಳುವರು, ಕಿರಿಯರು ನುಡಿಸಿಕೊಳ್ಳುವರು. ವಿಷಯದಲ್ಲಿ ಹೆಚ್ಚು ತಿಳಿದ ಅಧ್ಯಾಪಕರೂ ಮಿತ್ರರೂ ಇದನ್ನು ಪರೀಕ್ಷಿಸಿ ತಮ್ಮ ಅಭಿಪ್ರಾಯವನ್ನು ಮುಂದಿನ ಸಂಚಿಕೆಯಲ್ಲಿ ತಿಳಿಸಿದರೆ ಉಪಕಾರವಾಗುತ್ತದೆ.